ಸೋರೆಕಾಯಿಯ ಮುದ್ದೆ

“ಗುರುಗಳೇ, ಒಳ್ಳೆಯದನ್ನು ತಂದು ಮುಂದಿಟ್ಟರೂ ಜನ ಏಕೆ ಮುಖ ತಿರುಗಿಸುತ್ತಾರೆ?” ಎಂದು ಶಿಷ್ಯ ಕೇಳಿದ. ಮೂರು ತಿಂಗಳು ಹಳ್ಳಿಗಳಲ್ಲಿ ಉಪದೇಶ ಮಾಡಿ ಆಗತಾನೇ ಮಠಕ್ಕೆ ಮರಳಿದ್ದ. ಸಿಟ್ಟು ಇನ್ನೂ ಇಳಿದಿರಲಿಲ್ಲ. “ನಾನು ಹೇಳಿದ್ದೆಲ್ಲ ಅವರ ಹಿತಕ್ಕೇ. ಕೇಳಿದರು, ತಲೆಯಾಡಿಸಿದರು, ಎದ್ದು ಹೋಗಿ ಹಳೆಯದನ್ನೇ ಮಾಡಿದರು. ತಪ್ಪು ಅವರದೇ ಅಲ್ಲವೇ?”

ಗುರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ರಾಗಿ ಮುದ್ದೆಯೆಂದರೆ ಅವನಿಗೆ ಪ್ರಾಣ. ಆ ಊರೇ ಅಂಥದು. ಅಲ್ಲಿ ಯಾರೂ ಮುದ್ದೆಯನ್ನು ಅಗಿಯುವುದಿಲ್ಲ. ಮುರಿಯುತ್ತಾರೆ, ಸಾರಿನಲ್ಲಿ ಹೊರಳಿಸುತ್ತಾರೆ, ನುಂಗುತ್ತಾರೆ. ಅಗಿಯುವ ಮಗುವನ್ನು ಕಂಡರೆ ಅಜ್ಜಿ ನಗುತ್ತಾಳೆ, ಅಗಿಯುವ ಅಳಿಯನನ್ನು ಕಂಡರೆ ಬೀದಿಯೇ ನಗುತ್ತದೆ. ನೇಕಾರ ಹೊತ್ತಿಗೆ ಮೂರು ಮುದ್ದೆ ನುಂಗುತ್ತಿದ್ದ. ಅದರ ಬಗ್ಗೆ ಅವನಿಗೆ ಜಂಬವೂ ಇತ್ತು.

ಅವನಿಗೆ ಸಕ್ಕರೆ ಕಾಯಿಲೆ ಬಂತು. ಬಲಗಾಲಿನ ಹೆಬ್ಬೆರಳ ಬಳಿ ಒಂದು ಗಾಯವಾಯಿತು. ವಾರ ಕಳೆಯಿತು, ತಿಂಗಳು ಕಳೆಯಿತು, ಗಾಯ ಮಾಯಲಿಲ್ಲ. ನೇಕಾರನಿಗೆ ಕೈಯಷ್ಟೇ ಕಾಲೂ ಮುಖ್ಯ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು, ಎಡಗಾಲಿನಿಂದ ಒಂದು ಮಣೆ, ಬಲಗಾಲಿನಿಂದ ಇನ್ನೊಂದು ಮಣೆ ತುಳಿಯಬೇಕು. ಒಂದೇ ಕಾಲಿನಲ್ಲಿ ನೇಯ್ದವರನ್ನು ಆ ಊರು ಕಂಡಿರಲಿಲ್ಲ. ಮಗ್ಗದ ಸದ್ದು ನಿಂತಿತು.

ವೈದ್ಯ ಬಂದ. ಗಾಯ ತೊಳೆದು ಔಷಧಿ ಕಟ್ಟಿದ. ಹೊರಡುವಾಗ ನೇಕಾರನ ಹೆಂಡತಿಯನ್ನು ಜಗಲಿಗೆ ಕರೆದ.

“ಔಷಧಿ ನಾನು ಕೊಡ್ತೀನಮ್ಮ. ಆದ್ರೆ ಗಾಯ ಒಣಗೋವರೆಗೂ ಮುದ್ದೆ ಬೇಡ, ಅನ್ನ ಬೇಡ. ತರಕಾರಿ ಹಾಕು, ಹೊಟ್ಟೆ ತುಂಬ ಹಾಕು. ಎರಡು ತಿಂಗಳಲ್ಲಿ ಗಾಯ ಮಾಯೋ ಹಾದಿಗೆ ಬರ್ದಿದ್ರೆ ಪಾದ ತೆಗೀಬೇಕಾಗುತ್ತೆ.”

ಅವಳು ಅಳುತ್ತ ಕೂರುವ ಹೆಂಗಸಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋದಳು. ರಾಗಿ ಹಿಟ್ಟಿನ ಡಬ್ಬವನ್ನು ಅಟ್ಟಕ್ಕೆ ಏರಿಸಿದಳು.

ಅಂದಿನಿಂದ ತರಕಾರಿಯೇ ತರಕಾರಿ. ಬೆಂಡೆ, ಬದನೆ, ಹೀರೆ, ಬಾಳೆದಿಂಡು. ತಟ್ಟೆಯ ತುಂಬ ಪಲ್ಯ ಗುಡ್ಡೆ ಹಾಕಿದಳು. ನೇಕಾರ ಅಗಿದ. ಅಗಿದೂ ಅಗಿದೂ ದವಡೆ ನೋಯಿತು. ಗುಡ್ಡೆ ಖಾಲಿಯಾದ ಮೇಲೆ ಕೈ ತೊಳೆಯದೆ ಕೂತೇ ಇದ್ದ.

“ಸರಿ, ಈಗ ಊಟ ಹಾಕು” ಎಂದ.

“ಊಟ ಆಯ್ತಲ್ಲ.”

“ಇದು ಊಟವೇನೆ? ದನದ ಹಂಗೆ ಮೇಯಿಸ್ತಿದೀಯ ನನ್ನ.”

ಹದಿನೈದು ದಿನ ಹೀಗೆಯೇ ನಡೆಯಿತು. ಹೊಟ್ಟೆ ತುಂಬಿರುತ್ತಿತ್ತು, ಆದರೂ ಹಸಿದವನ ಹಾಗೆ ಸಿಡುಕುತ್ತಿದ್ದ. ಬೆಕ್ಕಿನ ಮೇಲೆ, ಗೋಡೆಯ ಮೇಲೆ, ಅವಳ ಮೇಲೆ.

ಆಗ ಅವಳು ಒಂದು ಉಪಾಯ ಮಾಡಿದಳು. ಪರಂಗಿಕಾಯಿಯನ್ನು ತುರಿದು ಬೇಯಿಸಿ ಉಂಡೆ ಕಟ್ಟಿದಳು. ಅಟ್ಟದಿಂದ ಒಂದು ಹಿಡಿ ರಾಗಿ ಹಿಟ್ಟು ಇಳಿಸಿ, ನೀರಿನಲ್ಲಿ ಕಾಯಿಸಿ, ಉಂಡೆಯ ಮೇಲೆ ತೆಳ್ಳಗೆ ಬಳಿದಳು. ನೋಡಲು ಥೇಟ್ ಮುದ್ದೆಯೇ. “ಇವತ್ತೊಂದು ಮುದ್ದೆ ಉಣ್ಣಿ” ಎಂದು ಇಟ್ಟಳು. ನೇಕಾರನ ಮುಖ ಅರಳಿತು. ಮುರಿದ. ತುರಿ ಬೆರಳಿಗೆ ಮೆತ್ತಿಕೊಂಡಿತು. ಬಾಯಿಗೆ ಹಾಕಿದ. ಅದು ಗಂಟಲಲ್ಲಿ ಇಳಿಯದೆ ಹಲ್ಲಿಗೆ ಸಿಕ್ಕಿತು.

ಅವನು ಕೂಗಾಡಲಿಲ್ಲ. ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದ. “ಮುದ್ದೆ ಇಲ್ಲ ಅಂದಿದ್ರೆ ತಡ್ಕೋತಿದ್ದೆ” ಎಂದ. ಕುಂಟುತ್ತ ಪಕ್ಕದ ಅಣ್ಣನ ಮನೆಗೆ ಹೋದ. ಅತ್ತಿಗೆ ಅಯ್ಯೋ ಪಾಪ ಎಂದು ಮೂರು ಮುದ್ದೆ ಹಾಕಿದಳು. ಮರುದಿನವೂ ಹೋದ. ಆಮೇಲೆ ಅದೇ ಅಭ್ಯಾಸವಾಯಿತು. ಗಾಯ ಇನ್ನಷ್ಟು ಆಳವಾಯಿತು. ವೈದ್ಯ ಕೊಟ್ಟ ಎರಡು ತಿಂಗಳಲ್ಲಿ ಒಂದು ಮುಗಿಯಿತು.

ಒಂದು ಮಧ್ಯಾಹ್ನ ನೇಕಾರನ ಹೆಂಡತಿ ಎದ್ದಳು. ಓರಗಿತ್ತಿಗೆ ನಾಲ್ಕು ಮಾತು ಬಿಗಿಯಾಗಿ ಆಡಿ, ಗಂಡನನ್ನು ರಟ್ಟೆ ಹಿಡಿದು ಎಳೆದು ತರುವುದೆಂದು ಹೊರಟಳು. ಬೈಗುಳವನ್ನೆಲ್ಲ ದಾರಿಯಲ್ಲೇ ಜೋಡಿಸಿಟ್ಟುಕೊಂಡಳು. ದಾರಿಯೇನು, ಹತ್ತು ಹೆಜ್ಜೆ.

ಬಾಗಿಲಲ್ಲಿ ನಿಂತಳು. ಗಂಡ ಉಣ್ಣುತ್ತಿದ್ದ. ಬಾಗಿಲಿನ ಕಡೆಗೆ ಅವನ ಗಮನವಿರಲಿಲ್ಲ. ಇಪ್ಪತ್ತು ವರ್ಷ ಅವಳು ಅವನಿಗೆ ಬಡಿಸಿದ್ದಳು. ಅವನು ಉಣ್ಣುವುದನ್ನು ತಾನು ಬರಿಗೈಯಲ್ಲಿ ನಿಂತು ಕಂಡದ್ದು ಅದೇ ಮೊದಲು.

ಹೆಬ್ಬೆರಳಿನಿಂದ ಮುದ್ದೆಯ ನಡುವೆ ಒಂದು ಗುಳಿ ಒತ್ತಿದ. ಗುಳಿಗೆ ಸಾರು ಬಿದ್ದಿತು. ಅಂಚಿನಿಂದ ಒಂದು ತುತ್ತು ಮುರಿದ, ಅಂಗೈಯಲ್ಲಿ ಉರುಳಿಸಿದ, ಅದ್ದಿದ, ಬಾಯಿಗಿಟ್ಟ. ಕಣ್ಣು ಮುಚ್ಚಿದ. ಗಂಟಲಿನ ಗುಬಟು ಮೇಲೇರಿ ಕೆಳಗಿಳಿಯಿತು. ಆಗ ಅವನ ಭುಜಗಳು ಸಡಿಲವಾದವು, ಹೆಗಲ ಮೇಲಿನ ಮೂಟೆಯನ್ನು ಇಳಿಸಿದವನ ಹಾಗೆ. ಮತ್ತೆ ಇನ್ನೊಂದು ತುತ್ತು.

ಅವಳು ಐದಾರು ತುತ್ತು ನೋಡಿದಳು. ಇವನ ನಾಲಿಗೆಗೆ ಇದರಲ್ಲಿ ಕೆಲಸವೇ ಇಲ್ಲವಲ್ಲ ಎಂದುಕೊಂಡಳು. ರುಚಿಯೆಲ್ಲ ಸಾರಿನದು. ಇವನು ಬೇಡುತ್ತಿರುವುದು ಬಿಸಿಯಾಗಿ, ನುಣ್ಣಗೆ, ಗಂಟಲಲ್ಲಿ ಜಾರಿ ಇಳಿಯುವ ಒಂದು ತುತ್ತನ್ನು. ರಾಗಿಯಾದರೇನು, ಇನ್ನೊಂದಾದರೇನು!

ಜೋಡಿಸಿಟ್ಟ ಬೈಗುಳ ಹಾಗೆಯೇ ಉಳಿಯಿತು. ಅವಳು ಓಡಿದಂತೆ ಮನೆಗೆ ಬಂದಳು.

ಎಳೆಯ ಸೋರೆಕಾಯಿ ತಂದಳು. ಸಿಪ್ಪೆ ಹೆರೆದು, ಬೀಜ ತೆಗೆದು, ಬೇಯಿಸಿ ಅರೆದಳು. ಕಲಸಿ ಕಟ್ಟಲು ನೋಡಿದರೆ ಸಗಣಿಯ ಹಾಗೆ ಹರಡಿಕೊಂಡಿತು. ಅವಳಿಗೇ ನಗು ಬಂತು. ಮರುದಿನ ಬೆಂದ ಸೋರೆಯನ್ನು ಗಂಡನೇ ನೇಯ್ದ ಬಟ್ಟೆಯಲ್ಲಿ ಗಂಟು ಕಟ್ಟಿ, ಒಂದು ಹನಿ ನೀರೂ ಉಳಿಯದಂತೆ ಹಿಂಡಿದಳು. ಉಂಡೆ ನಿಂತಿತು, ಆದರೆ ಜಾರಲಿಲ್ಲ. ಮೂರನೆಯ ದಿನ ಅಗಸೆ ಬೀಜ ಹುರಿದು, ನುಣ್ಣಗೆ ಪುಡಿಮಾಡಿ ಬೆರೆಸಿದಳು. ಅಗಸೆ ನೀರು ಕುಡಿದು ಅಂಟು ಬಿಟ್ಟಿತು. ಆಗ ಅದು ಕೋಲಿಗೆ ಬಗ್ಗುವ ಹದಕ್ಕೆ ಬಂತು. ಆದರೆ ಅಗಸೆಯ ಅಂಟು ರಾಗಿಗಿಂತ ಬಿಗಿ. ಗಂಟುಗಳನ್ನು ಒಡೆಯಲು ಅವಳ ತೋಳಿನ ಬಲ ಸಾಲದಾಯಿತು.

ಅವಳು ಗಂಡನನ್ನು ಕರೆದಳು. ಈ ಸಲ ಏನನ್ನೂ ಮುಚ್ಚಿಡಲಿಲ್ಲ.

“ಇದು ಸೋರೆಕಾಯಿ. ರಾಗಿ ಒಂದು ಚಿಟಿಕೆಯೂ ಇಲ್ಲ. ನಾನು ಮಡಕೆ ಅದುಮಿ ಹಿಡ್ಕೋತೀನಿ, ನೀವು ತೊಳಸಿ. ಗಂಟು ಉಳಿದ್ರೆ ತಪ್ಪು ನಿಮ್ದೇ.”

ನೇಕಾರ ಅವಳ ಮುಖ ನೋಡಿದ, ಮಡಕೆ ನೋಡಿದ. ಮಗ್ಗ ಬಿಟ್ಟ ಮೇಲೆ ಅವನ ತೋಳಿಗೆ ಕೆಲಸವಿರಲಿಲ್ಲ. ಮುದ್ದೆಯ ಕೋಲು ಹಿಡಿದು ಕೂತ. ಅವಳು ಮಡಕೆಯನ್ನು ಒಲೆಯಿಂದ ಇಳಿಸಿ, ಗೋಣಿತಾಟು ಸುತ್ತಿ, ಎರಡು ಪಾದಗಳಿಂದ ಒತ್ತಿ ಹಿಡಿದಳು. ಅವನು ತಿರುವಿದ, ಮಡಚಿದ, ಕುಟ್ಟಿದ. ಬೆವರಿಳಿಯಿತು. ಒಂದು ಗಂಟೂ ಉಳಿಯಲಿಲ್ಲ. ಅವಳು ಒದ್ದೆ ಕೈಯಲ್ಲಿ ಉರುಳಿಸಿ, ಹಬೆಯಾಡುತ್ತಿದ್ದ ಮೂರು ಉಂಡೆಗಳನ್ನು ತಟ್ಟೆಗಿಟ್ಟಳು. ಪಕ್ಕದಲ್ಲಿ ಖಾರವಾದ ಸೊಪ್ಪಿನ ಬಸ್ಸಾರು.

ಅವನು ಗುಳಿ ಒತ್ತಿದ. ಗುಳಿ ನಿಂತಿತು. ಸಾರು ಹುಯ್ದ, ಒಡೆಯಲಿಲ್ಲ. ಮುರಿದ, ಉರುಳಿಸಿದ, ಅದ್ದಿದ, ಬಾಯಿಗಿಟ್ಟ. ಅವಳು ಅವನ ಗಂಟಲನ್ನೇ ನೋಡುತ್ತಿದ್ದಳು.

ಗುಬಟು ಮೇಲೇರಿತು, ಇಳಿಯಿತು. ಭುಜಗಳೂ ಇಳಿದವು.

ಕೈ ಮುಂದಿನ ತುತ್ತಿಗೆ ಹೋಯಿತು. ಮೂರನ್ನೂ ಮುಗಿಸಿ, ತಟ್ಟೆ ಬಳಿದು, ಒಂದು ಚೊಂಬು ನೀರು ಕುಡಿದು, ಬೀದಿಗೆಲ್ಲ ಕೇಳುವಂತೆ ತೇಗಿದ. ಒಂದು ತಿಂಗಳಿಂದ ಆ ಮನೆಯಲ್ಲಿ ಆ ಸದ್ದು ಇರಲಿಲ್ಲ. ಅವಳು ಒಲೆಯ ಕಡೆ ತಿರುಗಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅದು ದುಃಖದ ಅಳುವಲ್ಲ, ಗೆದ್ದವಳ ಅಳು.

ಓರಗಿತ್ತಿ ಸುದ್ದಿ ಕೇಳಿ ಬಿದ್ದು ಬಿದ್ದು ನಕ್ಕಳು. ಸೋರೆಕಾಯಿ ಮುದ್ದೆಯಂತೆ ಎಂದು ಬಾವಿಕಟ್ಟೆಯಲ್ಲೆಲ್ಲ ಆಡಿದಳು. ನೇಕಾರನಿಗೂ ಮಾತು ಮುಟ್ಟಿತು. ಅವನು ಕೇಳಿಯೂ ಕೇಳದವನಂತೆ ಹೊತ್ತು ಹೊತ್ತಿಗೆ ಕೋಲು ಹಿಡಿದು ಕೂತ. ಒಂದು ದಿನವೂ ಪಕ್ಕದ ಮನೆಯ ಹೊಸ್ತಿಲು ತುಳಿಯಲಿಲ್ಲ. ಔಷಧಿ ತನ್ನ ಕೆಲಸ ಶುರುಮಾಡಿತು. ಗಾಯದ ಅಂಚಿನಲ್ಲಿ ಹೊಸ ಚರ್ಮ ಕೆಂಪಗೆ ಮೂಡಿತು, ಆಮೇಲೆ ಗಾಯ ಒಣಗತೊಡಗಿತು. ಗಡುವಿನ ದಿನ ವೈದ್ಯ ಬಂದು, ಪಟ್ಟಿ ಬಿಚ್ಚಿ, ಪಾದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. “ಇದು ಉಳೀತು” ಎಂದ. ಅಷ್ಟೇ ಹೇಳಿದ. ಮನೆಗೆ ಅಷ್ಟು ಸಾಕಾಗಿತ್ತು.

ಮತ್ತೆರಡು ತಿಂಗಳಿಗೆ ಒಂದು ಬೆಳಿಗ್ಗೆ ನೇಕಾರ ಮಗ್ಗದ ಗುಂಡಿಗೆ ಇಳಿದ. ಎಡಗಾಲು ತುಳಿದ, ಬಲಗಾಲು ತುಳಿದ. ಲಾಳಿ ಓಡಿತು. ಆ ಬೀದಿಯಲ್ಲಿ ಯಾರ ಮಗ್ಗದ ಸದ್ದು ಯಾವುದೆಂದು ಎಲ್ಲರಿಗೂ ಗೊತ್ತು. ಜನ ತಮ್ಮ ತಮ್ಮ ಮಗ್ಗ ನಿಲ್ಲಿಸಿ ಹೊರಗೆ ಬಂದರು. ಅಣ್ಣ ಬಂದ. ಓರಗಿತ್ತಿಯೂ ಬಂದಳು. ಅಂದು ನೇಕಾರನ ಹೆಂಡತಿ ಎಲ್ಲರನ್ನೂ ಸಾಲಾಗಿ ಕೂರಿಸಿ, ಒಬ್ಬೊಬ್ಬರಿಗೆ ಒಂದೊಂದು ಸೋರೆಕಾಯಿಯ ಮುದ್ದೆ ಬಡಿಸಿದಳು. ಯಾರೂ ಅಗಿಯಲಿಲ್ಲ. ಓರಗಿತ್ತಿ ಇನ್ನೊಂದು ಕೇಳಿ ಹಾಕಿಸಿಕೊಂಡಳು.

ಗುರು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಗೆಲುವಾಗಿತ್ತು. “ಜಾಣೆ!” ಎಂದ. “ಆದರೆ ಗುರುಗಳೇ, ಅಷ್ಟು ಜಾಣೆಯಾದವಳು ಮೊದಲ ದಿನವೇ ಏಕೆ ಹಾಗೆ ಮಾಡಲಿಲ್ಲ?”

ಗುರು ಹೇಳಿದರು: “ಮೊದಲ ದಿನ ಅವಳೂ ನಿನ್ನ ಹಾಗೆ ಒಳ್ಳೆಯದನ್ನಷ್ಟೇ ನೋಡಿದ್ದಳು, ಉಣ್ಣುವವನನ್ನು ನೋಡಿರಲಿಲ್ಲ.”