ಬೇಗ ತುಂಬಿದ ಗೊಬ್ಬರದ ಗುಂಡಿ

ಬೋಳುಗುಡ್ಡದ ಕೆಳಗೆ ಒಂದು ಕೊಳ, ಕೊಳದ ಪಕ್ಕದಲ್ಲಿ ಒಂದು ತೋಟ. ತೋಟವೆಂದರೆ ದೊಡ್ಡದೇನಲ್ಲ ಮಕ್ಕಳೇ, ನಿಮ್ಮ ತರಗತಿಯ ಕೋಣೆಯಷ್ಟು. ದುಗ್ಗಣ್ಣ ಎಂಬ ಹೆಗ್ಗಣವೂ ಚೌಡಕ್ಕ ಎಂಬ ಮೊಲವೂ ಸೇರಿ ಅದನ್ನು ನೋಡಿಕೊಳ್ಳುತ್ತಿದ್ದರು. ಅಗೆಯುವುದು ದುಗ್ಗಣ್ಣನ ಕೆಲಸ, ಬಿತ್ತುವುದು ಚೌಡಕ್ಕನದು. ಬೆಳೆದ ಗೆಣಸು ಅವನಿಗೆ, ಹರಿವೆ ಸೊಪ್ಪು ಅವಳಿಗೆ.

ಮಳೆಗಾಲ ಮುಗಿದರೆ ಗುಡ್ಡದ ಹುಲ್ಲು ಬೇಗ ಒಣಗುತ್ತದೆ. ಆಮೇಲೆ ಮೊಲದ ಮರಿಗಳಿಗೆ ತೋಟದ ಸೊಪ್ಪೇ ಗತಿ. ಆ ವರ್ಷ ಚೌಡಕ್ಕನಿಗೆ ಮೂರು ಮರಿಗಳಿದ್ದವು.

ಪ್ರತಿ ಮಳೆಗಾಲದ ಶುರುವಿನಲ್ಲಿ ಕಾಡಿನಿಂದ ಸೊಪ್ಪು ತಂದು ಗೊಬ್ಬರದ ಗುಂಡಿ ತುಂಬುವವಳು ಚೌಡಕ್ಕನೇ. ಈ ಸಲ ಅವಳ ಕಾಲಿಗೆ ಜಾಲಿಮುಳ್ಳು ಚುಚ್ಚಿ ಬಾತುಕೊಂಡಿತ್ತು.

"ದುಗ್ಗಣ್ಣ, ಈ ವರ್ಷ ಗುಂಡಿ ನಿನ್ನ ಪಾಲಿಗೆ ಬಂತು" ಎಂದಳು. "ಗುಡ್ಡದ ಆಚೆ ಹೊಂಗೆ, ಎಕ್ಕ, ತಂಗಡಿ ಇವೆ. ಒಂದು ಗಿಡದಿಂದ ಎರಡೇ ರೆಂಬೆ ತೆಗೆ. ಕಳೆ ಕಿತ್ತರೆ ಎಳೆಯದನ್ನೇ ಕೀಳು. ಹೂ ಬಿಟ್ಟದ್ದು ಬೇಡ."

"ಸೊಪ್ಪು ತರುವುದಕ್ಕೂ ಪಾಠ ಬೇಕೇನಕ್ಕ? ನೀನು ಕಾಲು ನೋಡಿಕೊ" ಎಂದ ದುಗ್ಗಣ್ಣ.

ಎರಡು ದಿನ ಅವನು ಗುಡ್ಡ ಹತ್ತಿ ಇಳಿದ. ಆದರೆ ಹಸಿ ಸೊಪ್ಪಿನ ಸ್ವಭಾವ ನಿಮಗೆ ಗೊತ್ತಲ್ಲ. ಸಂಜೆ ಹೊಟ್ಟೆಯ ಎತ್ತರಕ್ಕೆ ಪೇರಿಸಿದ್ದು ಬೆಳಗಾಗುವಷ್ಟರಲ್ಲಿ ಬಾಡಿ ಪಾದದ ಮಟ್ಟಕ್ಕೆ ಇಳಿದಿತ್ತು.

ಮರದ ಮೇಲಿಂದ ಅಳಿಲು ಇಣುಕಿತು. "ಏನು ದುಗ್ಗಣ್ಣ, ನೀನು ಹಾಕಿದ್ದನ್ನೆಲ್ಲ ಗುಂಡಿ ನುಂಗುತ್ತಿದೆಯೋ, ಇಲ್ಲ ನೀನೇ ತಿನ್ನುತ್ತಿದ್ದೀಯೋ?"

ದುಗ್ಗಣ್ಣನ ಮುಖ ಕೆಂಪಾಯಿತು. ಮೂರನೆಯ ದಿನ ಅವನು ಗುಡ್ಡದ ಕಡೆಗೆ ಹೋಗಲೇ ಇಲ್ಲ. ದಾರಿಯ ಬದಿಯಲ್ಲೇ ಒಂದು ಕಳೆ ಆಳೆತ್ತರ ಬೆಳೆದು ನಿಂತಿತ್ತು. ತಲೆತುಂಬ ಅಕ್ಕಿಕಾಳಿನಂಥ ಬಿಳಿ ಹೂವು. ನೀವೂ ಊರಾಚೆ ನೋಡಿರುತ್ತೀರಿ. ಕಾಂಡ ಗಟ್ಟಿ, ಬಾಡಿದರೂ ಕುಗ್ಗುವುದಿಲ್ಲ. ದುಗ್ಗಣ್ಣ ಬುಡ ಕಡಿದು ಕಡಿದು ಎಳೆದು ತಂದ.

ದಾರಿಯಲ್ಲಿ ಮಣ್ಣು ಕೆದಕುತ್ತಿದ್ದ ಗೌಜಲ ಹಕ್ಕಿ ತಲೆ ಎತ್ತಿತು. "ಅದನ್ನು ಒಂದು ಸಲ ಒದರು ನೋಡೋಣ."

ದುಗ್ಗಣ್ಣ ಒದರಿದ. ಸಣ್ಣ ಕಪ್ಪು ಬೀಜಗಳು ಉದುರಿದವು.

"ಉದುರಿತಲ್ಲ, ಮುಗಿಯಿತಲ್ಲ" ಎಂದ.

"ಮುಗಿಯಲಿಲ್ಲ. ಆ ತಲೆಯಲ್ಲಿ ಇನ್ನೂ ಸಾವಿರ ಇವೆ. ಕಾಳು ಹೆಕ್ಕಿಯೇ ಬದುಕಿದವಳು ನಾನು. ಇದನ್ನು ಮಾತ್ರ ಮೂಸಿಯೂ ನೋಡುವುದಿಲ್ಲ."

"ಮೂರು ತಿಂಗಳು ಗುಂಡಿಯಲ್ಲಿದ್ದರೆ ಕಲ್ಲೂ ಕೊಳೆಯುತ್ತದೆ, ಹೋಗಕ್ಕ."

ಗೌಜಲ ಮತ್ತೆ ಮಣ್ಣು ಕೆದಕತೊಡಗಿತು. ಅದಕ್ಕೆ ಅದರ ಕೆಲಸವಿತ್ತು.

ಆ ಸಂಜೆಯೊಳಗೆ ಗುಂಡಿ ತುಂಬಿ ಮೇಲೆ ದಿಬ್ಬವಾಯಿತು. ದುಗ್ಗಣ್ಣ ಅದರ ಮೇಲೆ ಮಣ್ಣು ಮೆತ್ತಿದ. ಚೌಡಕ್ಕ ಕುಂಟುತ್ತ ಬಂದಳು.

"ಅಬ್ಬಾ, ಇಷ್ಟು ಬೇಗ! ಏನೇನು ಹಾಕಿದೆ?"

"ಸೊಪ್ಪು" ಎಂದ ದುಗ್ಗಣ್ಣ. ಯಾವ ಸೊಪ್ಪೆಂದು ಅವನು ಹೇಳಲಿಲ್ಲ. ಅವಳೂ ಕೇಳಲಿಲ್ಲ, ನಂಬಿದ್ದಳು.

ಮೂರು ತಿಂಗಳು ಕಳೆಯಿತು. ಗೊಬ್ಬರವನ್ನು ಪಾತಿಗಳಿಗೆ ಹರಡಿದರು. ಚೌಡಕ್ಕ ತನ್ನಲ್ಲಿದ್ದ ಹರಿವೆ ಬೀಜವನ್ನೆಲ್ಲ ಸಾಲು ಹಿಡಿದು ಬಿತ್ತಿದಳು. ಹಿಂಗಾರಿನ ಒಂದು ಹದ ಮಳೆ ಬಿತ್ತು. ವಾರದೊಳಗೆ ತೋಟವಿಡೀ ಹಸಿರೋ ಹಸಿರು.

"ಅಕ್ಕಾ, ಬೇಗ ಬಾ! ನಿನ್ನ ಮರಿಗಳು ತಿಂದು ಮುಗಿಸಲಾರವು!" ದುಗ್ಗಣ್ಣ ಕುಣಿದಾಡಿದ.

ಚೌಡಕ್ಕ ಬಂದಳು. ಪಾತಿಯ ಅಂಚಿನಲ್ಲಿ ಕುಳಿತು ಬಹಳ ಹೊತ್ತು ನೋಡಿದಳು.

"ನಾನು ಬಿತ್ತಿದ್ದು ಸಾಲಿನಲ್ಲಿ. ಇವು ಸಾಲಿನಲ್ಲಿ ಇಲ್ಲವಲ್ಲ, ದುಗ್ಗಣ್ಣ."

ಅಷ್ಟರಲ್ಲಿ ದೊಡ್ಡ ಮರಿ ಒಂದು ಚಿಗುರು ಕಚ್ಚಿ ಉಗುಳಿತು. "ಥೂ, ಕಹಿ!" ಉಳಿದೆರಡು ಮರಿಗಳು ಅಮ್ಮನ ಹಿಂದೆ ಸರಿದವು.

ದುಗ್ಗಣ್ಣ ನೆಲ ನೋಡಿದ. "ದಾರಿ ಬದಿಯದು, ಅಕ್ಕ. ಹೂ ಬಿಟ್ಟಿತ್ತು. ಗೌಜಲ ಬೀಜ ತೋರಿಸಿತ್ತು, ನಾನು ಕೇಳಲಿಲ್ಲ."

ಚೌಡಕ್ಕ ಬೈಯಲಿಲ್ಲ. ಇಬ್ಬರೂ ಕೂತು ಕಳೆ ಕಿತ್ತರು. ಒಂದೊಂದು ಕಳೆಯ ಬೇರಿಗೂ ನಾಲ್ಕು ಹರಿವೆಯ ಸಸಿ ಅಂಟಿಕೊಂಡು ಬಂದವು. ಸಂಜೆಗೆ ಪಾತಿ ಬರಿದಾಯಿತು. ಇನ್ನೊಂದು ಮಳೆ ಬೀಳುತ್ತಲೇ ಅದು ಮತ್ತೆ ತುಂಬಿತು, ಕಳೆಯಿಂದಲೇ. ಬಿತ್ತಲು ಹರಿವೆ ಬೀಜ ಉಳಿದಿರಲಿಲ್ಲ. ಗುಡ್ಡದ ಹುಲ್ಲು ಆಗಲೇ ಹಳದಿಯಾಗುತ್ತಿತ್ತು.

ಒಂದು ಬೆಳಗ್ಗೆ ಚೌಡಕ್ಕ ಮರಿಗಳನ್ನು ಮುಂದೆ ಬಿಟ್ಟುಕೊಂಡು ದೂರದ ಹೊಳೆಯ ಕಡೆಗೆ ಹೊರಟಳು. ಅಲ್ಲಿ ಹುಲ್ಲಿದೆ, ನರಿಗಳೂ ಇವೆ.

"ಹೋಗಬೇಡಕ್ಕ. ನನ್ನ ಗೆಣಸೆಲ್ಲ ನಿನಗೇ ಕೊಡುತ್ತೇನೆ."

"ಹಲ್ಲು ಗಟ್ಟಿಯಿಲ್ಲದ ಮರಿಗಳು ಹಸಿ ಗೆಣಸು ತಿಂದಾವೇ, ದುಗ್ಗಣ್ಣ?"

"ಮತ್ತೆ ಯಾವಾಗ ಬರುತ್ತೀಯ?"

"ಬಿತ್ತಿದ್ದು ಮಾತ್ರ ಈ ಪಾತಿಯಲ್ಲಿ ಹುಟ್ಟಿದ ದಿನ" ಎಂದು ಚೌಡಕ್ಕ ಕುಂಟು ಕಾಲು ಹಾಕುತ್ತ ನಡೆದಳು.

ದುಗ್ಗಣ್ಣ ಪಾತಿಗೆ ಇಳಿದು ಮೊದಲ ಮೂಲೆಯಿಂದ ಕಳೆ ಕೀಳತೊಡಗಿದ. ಕೊನೆಯ ಮೂಲೆ ಮುಟ್ಟುವಷ್ಟರಲ್ಲಿ ಮೊದಲ ಮೂಲೆಯಲ್ಲಿ ಮತ್ತೆ ಹಸಿರು ಕಾಣುತ್ತಿತ್ತು. ಅವನು ತಿರುಗಿ ಅಲ್ಲಿಗೆ ಹೋದ.

ನೀತಿ: ರಾಶಿ ದೊಡ್ಡದಾದ ಮಾತ್ರಕ್ಕೆ ಕೆಲಸ ಒಳ್ಳೆಯದಾಗುವುದಿಲ್ಲ, ಮಣ್ಣಿಗೆ ಏನು ಕೊಡುತ್ತಿದ್ದೇವೆಂದು ನೋಡಿ ಕೊಡಬೇಕು.