ವಿಳಂಬೇಶ್ವರಿಯು ಅಭಿಜಿನ್ಮುಹೂರ್ತವನ್ನು ತಪ್ಪಿಸಿದ ವೃತ್ತಾಂತ

ಹಿಮವತ್ಪರ್ವತದ ಶಿಖರಗಳಿಗೆ ಮನುಷ್ಯರು ಇನ್ನೂ ಹೆಸರಿಡದಿದ್ದ, ಮೇಘಗಳು ಕಣಿವೆಗಿಳಿದು ಕುರಿಮಂದೆಗಳ ನಡುವೆಯೇ ಮಲಗೆದ್ದು ಹೋಗುತ್ತಿದ್ದ ಪೂರ್ವಯುಗವೊಂದರಲ್ಲಿ, ತುಂಗಭದ್ರಾತೀರದಿಂದ ಪಾದಚಾರಿಯಾಗಿ ಬಂದ ಋತಂಭರನೆಂಬ ಮುನಿಶ್ರೇಷ್ಠನು ಈ ಕ್ಷೇತ್ರದ ಪೂರ್ವದಿಕ್ಕಿನ ಗುಹೆಯಲ್ಲಿ ತಪೋನಿರತನಾಗಿದ್ದನು. ವೇದವೇದಾಂಗಪಾರಂಗತನೂ ಜ್ಯೋತಿಶ್ಶಾಸ್ತ್ರನಿಪುಣನೂ ಆದ ಆ ಮಹಾನುಭಾವನಿಗೆ ಇದ್ದದ್ದು ಒಂದೇ ಚಟ, ಮುಹೂರ್ತವಿಡುವುದು. ಉಣ್ಣೆ ಕತ್ತರಿಸಲು ಮುಹೂರ್ತ, ಕಂಬಳಿ ಕೊಡವಲು ಮುಹೂರ್ತ, ಹಾಲಿಗೆ ಹೆಪ್ಪು ಹಾಕಲೂ ಮುಹೂರ್ತ. ತಾನಿಟ್ಟ ಗಳಿಗೆ ಎಂದಾದರೂ ತಪ್ಪಿದರೆ ಯೋಗದಂಡವನ್ನು ಮುರಿದು, ಈ ಜನಕ್ಕೆ ಮುಖ ತೋರಿಸದೆ ದಕ್ಷಿಣಕ್ಕೆ ಹೊರಟುಹೋಗುವೆನೆಂದು ಪ್ರತಿಜ್ಞೆ ಬೇರೆ ಮಾಡಿದ್ದನು. ಮಾಡೆಂದು ಕೇಳಿದವರು ಯಾರೂ ಇರಲಿಲ್ಲ, ತಾನಾಗಿಯೇ ಮಾಡಿಕೊಂಡದ್ದು.

ಆ ಕಣಿವೆಯ ಕುರಿಗಾಹಿಗಳ ನಾಯಕನಾದ ಚಮರಸೇನನಿಗೆ ತುಹಿನೆಯೆಂಬ ಮಗಳಿದ್ದಳು. ಅಂಬೆಗಾಲಿಡುವಾಗಲೇ ಗುಹೆಗೆ ನುಗ್ಗಿ ಧ್ಯಾನಮಗ್ನನಾದ ಮುನಿಯ ಗಡ್ಡವನ್ನು ಹಿಡಿದೆಳೆದ ಆ ಮಗುವಿಗೆ ಹೆಸರಿಟ್ಟವನೂ ಋತಂಭರನೇ, ಅವಳ ಬಾಯಲ್ಲಿ "ತಾತ" ಎಂದು ಕರೆಸಿಕೊಂಡು ಕರಗಿಹೋದವನೂ ಅವನೇ. ಸರ್ವಸಂಗಪರಿತ್ಯಾಗಿಗೆ ಇಷ್ಟು ಮಮಕಾರ ಸಲ್ಲದು, ನಿಜ. ಆದರೆ ಆ ಮಗುವನ್ನು ಎತ್ತಿಕೊಂಡ ಮೇಲೆ ಅದನ್ನೆಲ್ಲ ಯಾರು ನೆನಪಿಟ್ಟುಕೊಳ್ಳುತ್ತಾರೆ! ಅವಳು ಬೆಳೆದು, ಶ್ವೇತಸಾನುವೆಂಬ ಕಡಿದಾದ ಇಳಿಜಾರಿನಾಚೆಯ ಗ್ರಾಮದ ವಿಪಾಶನನ್ನು ಮೆಚ್ಚಿದಾಗ, ಲಗ್ನನಿಶ್ಚಯದ ಭಾರ ತಾತನ ಮೇಲೆಯೇ ಬಿದ್ದಿತು. ಸಕಲದೋಷನಿವಾರಕವಾದ ಮಧ್ಯಾಹ್ನದ ಅಭಿಜಿನ್ಮುಹೂರ್ತವನ್ನೇ ಆತನು ಗೊತ್ತುಮಾಡಿ, ಅದು ತಪ್ಪಿದರೆ ಗುರುಶುಕ್ರರ ಅಸ್ತದಿಂದಾಗಿ ಮುಂದಿನ ವಸಂತದವರೆಗೆ ಲಗ್ನವೇ ಇಲ್ಲವೆಂದು ಉಭಯಪಕ್ಷಗಳಿಗೂ ಖಡಾಖಂಡಿತವಾಗಿ ತಿಳಿಸಿದನು.

ಅಷ್ಟರಲ್ಲಿ ಅಕಾಲದ ಹಿಮಪಾತವಾಯಿತು. ಹಗಲಿರುಳೆನ್ನದೆ ಸುರಿದ ಹೊಸ ಹಿಮವನ್ನು ಪಶ್ಚಿಮವಾಯುವು ಶಿಖರಾಗ್ರದಿಂದ ಕೆರೆಕೆರೆದು ತಂದು ಶ್ವೇತಸಾನುವಿನ ಮೇಲೆಯೇ ರಾಶಿಹಾಕಿ ಗಟ್ಟಿಸಿತು. ಅದರಡಿಯಲ್ಲಿದ್ದುದು ಶಿಶಿರದ ಶೈತ್ಯದಲ್ಲಿ ಒಣಗಿ ಉದುರುದುರಾಗಿದ್ದ ಹಳೆಯ ಹಿಮ. ರವೆಯ ರಾಶಿಯ ಮೇಲೆ ಮಣೆ ಇಟ್ಟು, ಮಣೆಯನ್ನು ಓರೆ ಮಾಡಿದಂತಿತ್ತು ಅಲ್ಲಿಯ ಸ್ಥಿತಿ. ವಿವಾಹದ ದಿನ ಮಾತ್ರ ಆಕಾಶವು ನಿರ್ಮಲವಾಗಿ, ಸೂರ್ಯನಾರಾಯಣನು ಪ್ರಖರಕಿರಣಗಳಿಂದ ಪ್ರಕಾಶಿಸಿದನು. ನದೀತೀರದಲ್ಲಿ ಬೆಳೆದ ಋತಂಭರನಿಗೆ ಮಳೆ ನಿಂತು ಬಿಸಿಲು ಬಂತೆಂದರೆ ಹಾದಿ ಸುಗಮವಾಯಿತೆಂದೇ ಅರ್ಥ. ಹಿಮದ ನಾಡಿನಲ್ಲಿ ಹಿಮಪಾತ ಮುಗಿದ ಮೊದಲ ಬಿಸಿಲೇ ಎಲ್ಲಕ್ಕಿಂತ ಮೋಸದ್ದೆಂಬುದು ಆತನ ಪಂಚಾಂಗದಲ್ಲಿರಲಿಲ್ಲ.

ಚಮರಸೇನನು ತಲೆ ಕೆರೆದುಕೊಳ್ಳುತ್ತಾ, "ಸ್ವಾಮಿ, ಹಿಮ ಒಂದೆರಡು ದಿನ ಕೂತುಕೊಳ್ಳಲಿ ಅಂತಿದ್ದೆ" ಎಂದು ಅರಿಕೆ ಮಾಡಿಕೊಂಡನು.

"ಅಭಿಜಿತ್ತು ನಿಮ್ಮ ಹಿಮಕ್ಕೋಸ್ಕರ ಕಾದು ಕೂರುತ್ತದೇನಯ್ಯಾ?" ಎಂದನು ಮುನಿ. ಮಗಳ ಮದುವೆ ಒಂದು ವರ್ಷ ಮುಂದಕ್ಕೆ ಹೋಗುವುದು ಚಮರಸೇನನಿಗೂ ಬೇಡವಾಗಿತ್ತು. ಅವನು ವಾದ್ಯದವರನ್ನು ಕೂಗಿ ಕರೆದನು.

ಹೀಗೆ ವಾದ್ಯಘೋಷಸಮೇತವಾಗಿ, ಬಂಧುಬಾಂಧವರು ಹೆಗಲಿಗೆ ಹೆಗಲು ತಾಗಿಸಿ, ಉಡುಗೊರೆಯ ಟಗರುಗಳನ್ನು ಹೊಡೆದುಕೊಂಡು, ತುಪ್ಪದ ಕೊಡಗಳನ್ನು ಹೊತ್ತು ಹೊರಟ ಆ ದಿಬ್ಬಣವು ಮಧ್ಯಾಹ್ನಸಮೀಪದಲ್ಲಿ ಶ್ವೇತಸಾನುವಿನ ಅಂಚನ್ನು ತಲುಪಿತು. ಆಚೆಯ ಬಂಡೆಯ ಮೇಲೆ ವರನ ಕಡೆಯವರ ಪತಾಕೆ ಕಾಣುತ್ತಿತ್ತು. ಮಾಡಿದ ಪಾಯಸದ ಪರಿಮಳವೂ ಬಂತೆಂದು ಹಸಿದ ಕೆಲವರು ಸಾಧಿಸಿದರು. ಎಲ್ಲರಿಗಿಂತ ಮುಂದೆ ಋತಂಭರ, ಅವನ ಬೆನ್ನಿಗೇ ತುಹಿನೆ. ಮುನಿಯು ನಾಲ್ಕಾರು ಹೆಜ್ಜೆ ನಡೆದು ಯೋಗದಂಡವನ್ನು ಊರಿದನು. ಅದು ಮೇಲಿನ ಗಟ್ಟಿಪದರವನ್ನು ಭೇದಿಸಿದ ಮರುಕ್ಷಣವೇ, ಕೆಳಗೆ ಏನೂ ಇಲ್ಲವೇನೋ ಎಂಬಂತೆ ಸರ್ರನೆ ಹಿಡಿಯವರೆಗೂ ಇಳಿದುಹೋಯಿತು. ಭೂಗರ್ಭದಲ್ಲಿ ಯಾರೋ ಮಗ್ಗುಲು ಬದಲಿಸಿದಂತೆ ಧೊಪ್ಪೆಂದು ಸದ್ದಾಗಿ, ಕಾಲಡಿಯ ಹಿಮವು ಒಮ್ಮೆಲೇ ಕುಸಿದು ನಿಂತಿತು. ಆತನ ಪಾದದ ಮುಂದಿನಿಂದ ಕೂದಲೆಳೆಯಷ್ಟು ಸಣ್ಣ ಬಿರುಕೊಂದು ಹೊರಟು, ಇಳಿಜಾರಿನ ಉದ್ದಕ್ಕೂ ಓಡಿತು.

ವಾದ್ಯಗಳು ನಿಂತವು. ಎಲ್ಲರ ಕಣ್ಣೂ ಮುನಿಯ ಮೇಲೆ. ಮುಹೂರ್ತಕ್ಕೆ ಉಳಿದದ್ದು ಆ ಇಳಿಜಾರನ್ನು ದಾಟುವಷ್ಟೇ ಹೊತ್ತು.

ತುಹಿನೆ ಮೆಲ್ಲಗೆ, "ತಾತ, ನೀವು ನಡಿ ಅಂದರೆ ನಡೀತೀನಿ" ಎಂದಳು.

ಮುನಿಯು ಬಿರುಕಿನತ್ತ ನೋಡಿದನು. ನಡಿ ಎಂದರೆ ಅವಳು ನಡೆಯುತ್ತಾಳೆ, ಅವಳ ಹಿಂದೆ ಕಣಿವೆಗೆ ಕಣಿವೆಯೇ ನಡೆಯುತ್ತದೆ; ಬೇಡವೆಂದರೆ ಜೀವಮಾನದಲ್ಲಿ ಒಮ್ಮೆಯೂ ತಪ್ಪದ ತನ್ನ ಮಾತು ಇವರೆಲ್ಲರ ಕಣ್ಣೆದುರಿಗೇ ಮಣ್ಣುಪಾಲಾಗುತ್ತದೆ. ಅವನಿಗೆ ಭಯವೂ ಆಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯೂ ಆಯಿತು. ಹೂಗಳು ಆಗಲೇ ಬಾಡತೊಡಗಿದ್ದ ಅವಳ ಬಾಸಿಂಗವನ್ನು ನೋಡಿದನು.

"ಮುಹೂರ್ತ ತಪ್ಪಿತು. ಎಲ್ಲರೂ ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋಗಿ. ಒಟ್ಟಿಗೆ ಬೇಡ, ಒಬ್ಬೊಬ್ಬರಾಗಿ. ಮೊದಲು ನೀನು, ಮಗಳೇ" ಎಂದನು.

ಕಟ್ಟಕಡೆಯಲ್ಲಿ ಮುನಿಯು ಅಂಚಿನ ಬಂಡೆಯನ್ನು ಮುಟ್ಟಿದನೋ ಇಲ್ಲವೋ, ಸೂರ್ಯನು ನಡುನೆತ್ತಿಗೆ ಬಂದು ಅಭಿಜಿನ್ಮುಹೂರ್ತವು ಪ್ರಾಪ್ತವಾಯಿತು. ಶ್ವೇತಸಾನುವು ಬಿರುಕಿನ ಗೆರೆಗುಂಟ ಕಳಚಿಕೊಂಡು, ಗಿರಿಕಂದರಗಳು ಪ್ರತಿಧ್ವನಿಸುವಂತೆ ಗರ್ಜಿಸುತ್ತಾ, ಧೂಳೀಕೃತಹಿಮದಿಂದ ದಿಗಂತವನ್ನೇ ಮುಚ್ಚುತ್ತಾ ಪಾತಾಳಕ್ಕಿಳಿಯಿತು. ಹಿಮಧೂಳಿಯಡಗಿ, ಈಚೆಯಂಚಿನಲ್ಲಿ ದಿಬ್ಬಣದ ಕೆಂಪುಹಳದಿಯ ವಸ್ತ್ರಗಳೆಲ್ಲ ಹಾಗೆಹಾಗೆಯೇ ಕಂಡಾಗ, ಆಚೆ ನಿಂತಿದ್ದ ವಿಪಾಶನ ತಾಯಿ ನಕ್ಕಳೋ ಅತ್ತಳೋ ಅವಳಿಗೇ ತಿಳಿಯಲಿಲ್ಲ.

ಋತಂಭರನಾದರೋ ಪ್ರತಿಜ್ಞಾನುಸಾರ ಯೋಗದಂಡವನ್ನು ಮೊಣಕಾಲಿಗಿಟ್ಟು ಎರಡಾಗಿ ಮುರಿದು, ಜನಕ್ಕೆ ಬೆನ್ನು ಮಾಡಿ ದಕ್ಷಿಣಾಭಿಮುಖನಾಗಿ ಹೆಜ್ಜೆಯಿಟ್ಟನು. ಆಗ ಹಿಮ ಕಳಚಿ ಬರಿದಾದ ಶಿಲಾಭಿತ್ತಿಯಿಂದ ಧವಳವಸನೆಯೂ ಮಂದಸ್ಮಿತವದನೆಯೂ ಆದ ಪರ್ವತಾಧಿದೇವತೆಯ ವಾಣಿಯು ಹೊರಹೊಮ್ಮಿತು:

"ಎಲೈ ಋತಂಭರನೇ, ನಿಲ್ಲು. ನೀನಿಟ್ಟ ಮುಹೂರ್ತಗಳಿಗೆಲ್ಲ ಗ್ರಹಗಳು ಒಲಿದಿದ್ದವು. ನೀನು ತಪ್ಪಿಸಿದ ಈ ಒಂದು ಮುಹೂರ್ತಕ್ಕೆ ನಾನು ಒಲಿದಿದ್ದೇನೆ. ನನ್ನ ಮಡಿಲಲ್ಲಿ ಗುರುಶುಕ್ರರ ಉದಯಾಸ್ತಗಳ ಎಣಿಕೆಯಿಲ್ಲ. ರಾತ್ರಿಯ ಶೈತ್ಯವು ಹಿಮವನ್ನು ಬಿಗಿದ ಮೇಲೆ, ಸೂರ್ಯನು ಕಣ್ಣು ತೆರೆಯುವ ಮೊದಲು, ಒಬ್ಬರ ಹಿಂದೊಬ್ಬರು ದೂರದೂರವಾಗಿ ದಾಟಿರಿ. ಅದೇ ಇಲ್ಲಿ ಶುಭಗಳಿಗೆ. ದಕ್ಷಿಣಕ್ಕೆ ಆಮೇಲೆ ಹೋಗುವೆಯಂತೆ. ಈಗ ನೀನು ಹೋದರೆ ಈ ಹುಡುಗಿಗೆ ಮಂತ್ರ ಹೇಳುವವರು ಯಾರು?"

ಮುನಿಯು ದಕ್ಷಿಣಕ್ಕಿಟ್ಟ ಹೆಜ್ಜೆಯನ್ನು ಹಿಂದಕ್ಕೆ ತಿರುಗಿಸಿದನು. ಅವನು ಮುರಿದ ದಂಡದ ಒಂದು ತುಂಡನ್ನು ಈಚೆಯಂಚಿನಲ್ಲಿ ನೆಟ್ಟು, ಮರುದಿನ ಅರುಣೋದಯಕ್ಕೆ ಮುನ್ನ ಕಲ್ಲಿನಂತೆ ಬಿಗಿದಿದ್ದ ದಾರಿಯನ್ನು ಮೊದಲು ತಾನು ದಾಟಿ ಇನ್ನೊಂದನ್ನು ಆಚೆಯಂಚಿನಲ್ಲಿ ನೆಟ್ಟನು. ಆಮೇಲೆ ದಿಬ್ಬಣವು ಒಬ್ಬೊಬ್ಬರಾಗಿ ದಾಟಿತು. ಟಗರುಗಳೂ ಒಂದೊಂದಾಗಿಯೇ ದಾಟಿದವು. ಆಚೆಯಲ್ಲಿ ಬೀಗರೆಲ್ಲ ಕಂಬಳಿ ಹೊದ್ದು ಗೊರಕೆ ಹೊಡೆಯುತ್ತಿದ್ದರು, ಪಾಯಸ ಹೆಪ್ಪುಗಟ್ಟಿತ್ತು. ಎಚ್ಚರವಾಗಿದ್ದವನು ವಿಪಾಶನೊಬ್ಬನೇ, ಅಂಚಿನಲ್ಲಿ ಕಣ್ಣು ನೆಟ್ಟು ನಿಂತೇ ಇದ್ದನು. ಬಂಧುಗಳನ್ನು ಅಲುಗಿಸಿ ಎಬ್ಬಿಸಿಯೇ ಮುನಿಯು ಧಾರೆಯೆರೆಸಬೇಕಾಯಿತು.

ಮುನಿಯು ಮತ್ತೆ ದಕ್ಷಿಣದ ಮಾತೆತ್ತಲಿಲ್ಲ. ಅಂದು ನೆಟ್ಟ ದಂಡದ ತುಂಡುಗಳೇ ಶಿಲೆಗಳಾಗಿ ಇಳಿಜಾರಿನ ಎರಡೂ ಅಂಚುಗಳಲ್ಲಿ ಇಂದಿಗೂ ನಿಂತಿವೆ. ದೇವಿಯು ವಿಳಂಬೇಶ್ವರಿಯೆಂಬ ನಾಮಧೇಯದಿಂದ ನಡುವಿನ ಶಿಲಾಭಿತ್ತಿಯಲ್ಲಿ ನೆಲೆಸಿದ್ದಾಳೆ. ಯಾತ್ರಿಕರು ಮೊದಲ ಶಿಲೆಯ ಬಳಿ ಕೋಲನ್ನು ಹಿಮಕ್ಕೆ ಊರಿ ನೋಡಿ, ಅದು ಸರ್ರನೆ ಇಳಿದರೆ ಮರುಮಾತಿಲ್ಲದೆ ಹಿಂದಿರುಗುತ್ತಾರೆ. ನಿಂತರೆ ಒಬ್ಬೊಬ್ಬರಾಗಿ ದಾಟುತ್ತಾರೆ. ನವದಂಪತಿಗಳಿಗೂ ಇಲ್ಲಿ ಕೈಹಿಡಿದು ನಡೆಯುವ ಹಾಗಿಲ್ಲ, ಆಚೆ ಹೋಗಿ ಎಷ್ಟು ಬೇಕಾದರೂ ಹಿಡಿದುಕೊಳ್ಳಲಿ. ನಮ್ಮ ಕಡೆಯಿಂದ ಮಂಕಿಕ್ಯಾಪು ತೊಟ್ಟು ಬರುವ ಭಕ್ತಾದಿಗಳು ಬಸ್ಸು ಹೊರಟುಹೋಗುತ್ತದೆಂದು ಅರ್ಚಕರನ್ನು ಅವಸರಪಡಿಸಬಾರದಾಗಿ ವಿನಂತಿ. ಕಣಿವೆಯವರು ಇಂದಿಗೂ ಮದುವೆಯ ಮೊದಲ ಲಗ್ನಪತ್ರಿಕೆಯನ್ನು, ಗಳಿಗೆಯ ಜಾಗವನ್ನು ಖಾಲಿ ಬಿಟ್ಟು, ದೇವಿಯ ಪಾದದಲ್ಲಿರಿಸುತ್ತಾರೆ. ಈ ಚರಿತ್ರೆಯನ್ನು ಓದಿದವರೂ ಕೇಳಿದವರೂ ತಡವಾಗಿಯಾದರೂ ಒಬ್ಬರೂ ಕಡಮೆಯಾಗದಂತೆ ಮನೆ ಸೇರುವರು.