ಮಂಟಪದ ಜನರೇಟರು, ಪ್ರವಾಸದ ವ್ಯಾನು

ಹಾಸಿಗೆ, ಫ್ರಿಜ್ಜು, ಫ್ಯಾನು ಎಲ್ಲವನ್ನೂ ಒಳಗೇ ಇಟ್ಟುಕೊಂಡಿದ್ದ ಪ್ರವಾಸದ ವ್ಯಾನೊಂದು ಜನರೇಟರ್ ಕೂರಿಸಿಕೊಳ್ಳಲು ಅಂಗಡಿಗೆ ಬಂತು.

ಬಾಗಿಲಲ್ಲಿದ್ದ ಸಣ್ಣ ಜನರೇಟರ್ ಕೇಳಿತು: "ಸ್ವಾಮಿ, ತಮ್ಮೊಳಗೆ ಏನೇನು ಓಡಬೇಕು?"

"ಒಂದು ಫ್ರಿಜ್ಜು, ಒಂದು ಫ್ಯಾನು, ಎರಡು ದೀಪ."

"ಅಷ್ಟಕ್ಕೆ ನಾನು ಧಾರಾಳ ಸಾಕು. ಹಿಂಬದಿಯ ಪೆಟ್ಟಿಗೆಯಲ್ಲಿ ಕೂತುಬಿಡುತ್ತೇನೆ, ಯಾರ ಕಣ್ಣಿಗೂ ಬೀಳುವುದಿಲ್ಲ."

"ಕಣ್ಣಿಗೇ ಬೀಳದಿದ್ದರೆ ನಿನ್ನನ್ನು ಹೊತ್ತು ತಿರುಗಿ ಏನು ಬಂತು?" ಎಂದು ವ್ಯಾನು ಒಳಗಿದ್ದ ಭಾರಿ ಜನರೇಟರಿನ ಕಡೆ ತಿರುಗಿತು. "ತಾವು?"

"ನಾನು ಕಲ್ಯಾಣ ಮಂಟಪಕ್ಕೆ ಕರೆಂಟು ಕೊಟ್ಟವನು. ಸಾವಿರ ಜನರ ಊಟ ನನ್ನ ಬೆಳಕಿನಲ್ಲೇ ಆಗಿದೆ."

"ಇದೇ ಇರಲಿ. ನಾಳೆ ಬೇಕಾದೀತು," ಎಂದಿತು ವ್ಯಾನು.

ಫಿಟ್ಟರ್ ಹಾಲಪ್ಪ ಅಳತೆ ಹಿಡಿದು ನೋಡಿ, "ಜಾಗ ಸಾಲೋದಿಲ್ಲ ಸ್ವಾಮಿ," ಎಂದ.

"ಸಾಲದಿದ್ದರೆ ಮಾಡು!"

ಹಾಲಪ್ಪ ಮೊದಲು ಹಾಸಿಗೆ ಇಳಿಸಿದ. ಆಮೇಲೆ ಫ್ರಿಜ್ಜು ಇಳಿಯಿತು. ಹೊಗೆಕೊಳವೆಗೆ ಫ್ಯಾನು ಅಡ್ಡ ಬಂದಿದ್ದರಿಂದ ಅದನ್ನೂ ಬಿಚ್ಚಿದ. ಜನರೇಟರಿಗೆ ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಪೂಜೆ ಮುಗಿಸಿ ಸ್ಟಾರ್ಟ್ ಮಾಡಿದ. ಅದರ ನಡುಕಕ್ಕೆ ಉಳಿದ ಎರಡು ದೀಪಗಳೂ ಉದುರಿ ಒಡೆದವು. ಸದ್ದಿಗೆ ಬೀದಿಯ ಜನವೆಲ್ಲ ಹೊರಗೆ ಬಂದು ನಿಂತರು. ವ್ಯಾನು ಉಬ್ಬಿಹೋಯಿತು.

"ಸ್ವಾಮಿ, ಕರೆಂಟು ಸಿದ್ಧವಾಗಿದೆ," ಎಂದಿತು ಜನರೇಟರ್. "ಯಾರಿಗೆ ಕೊಡಲಿ?"

ವ್ಯಾನು ತನ್ನೊಳಗೆಲ್ಲ ಒಮ್ಮೆ ಹುಡುಕಿತು. ಮೆಲ್ಲಗೆ ಹೇಳಿತು:

"ಯಾರಿಗೂ ಬೇಡ. ಆದರೆ ನಿಲ್ಲಿಸಬೇಡ, ಜನ ನೋಡುತ್ತಿದ್ದಾರೆ."